ಮೇಲಿನಿಂದ ಎರಡನೆಯದು

ಶಾಲನಬಾಯಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸಲಗರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳುವವರದೇನು ಹೋಗುತ್ತದೆ? ಮಹಾರಾಷ್ಟ್ರದ ನೆಲದಲ್ಲಿ ಮೂವತ್ತೊಂದು ವರ್ಷ ಕನ್ನಡ ಶಾಲೆ ನಡೆಸಿ ನೋಡಲಿ, ಆಮೇಲೆ ಮಾತಾಡಲಿ. ಅವಳಿಗೆ ಕಾರಣವಿಲ್ಲದೆ ಸಿಟ್ಟು ಬಂದದ್ದು ಒಂದು ದಿನವೂ ಇಲ್ಲ. ಕಾರಣ ಮಾತ್ರ ದಿನಾಲೂ ಸಿಗುತ್ತಿತ್ತು. ಒಮ್ಮೆ ಶಾಲೆಯಿರುವ ವಸ್ತಿಯ ಮುಂದೆ ಬಸ್ಸು ನಿಲ್ಲಿಸುತ್ತಿಲ್ಲ ಎಂದು ಶಾಲೆಯ ಕುರ್ಚಿ ತಂದು ರಸ್ತೆಯ ನಟ್ಟನಡುವೆ ಹಾಕಿಕೊಂಡು ಕೂತಳು. ಮಳೆ ಬಂತು, ಎದ್ದಳೇ? ಏಳಲಿಲ್ಲ. ಮರುದಿನದಿಂದ ಬಸ್ಸು ನಿಂತಿತು, ಇವತ್ತಿಗೂ ನಿಲ್ಲುತ್ತದೆ.

ಲಿಂಗನೂರಿನ ಜೈನರ ಮನೆಯ ಮಗಳು, ಸಲಗರೆಯ ಶ್ರೀಪಾಲನ ಹೆಂಡತಿ. ಶ್ರೀಪಾಲನದು ದ್ರಾಕ್ಷಿ ತೋಟ, ಮಾತು ಕಡಿಮೆ. ಮನೆಯ ಮಾತೆಲ್ಲ ಇವಳದೇ. ಕಲಿಸುವುದರಲ್ಲಿ ಅವಳದೊಂದು ಪದ್ಧತಿ. "ಮೊದಲ ಕೈ ಕಲೀಲಿ, ತಲಿ ಆಮ್ಯಾಲೆ ಕಲೀತೈತಿ" ಎನ್ನುವಳು. ಪುಸ್ತಕ ತೆರೆಸಿ, ಮೇಲಿನಿಂದ ಎಷ್ಟನೇ ಸಾಲು ಎಂದು ಹೇಳಿ, ಅಲ್ಲಿ ಬೆರಳು ಇಡಿಸಿ, ಮೂರು ಸಲ ಹೇಳಿಸುವಳು. ಅರ್ಥ ಕೇಳಿದರೆ ನಾಳೆ ಎನ್ನುವಳು. ಹಾಗೆ ಕಲಿತವರು ಈಗ ಮಿರಜದ ದವಾಖಾನೆಗಳಲ್ಲಿ ನರ್ಸ್ ಆಗಿದ್ದಾರೆ, ಸಾಂಗಲಿಯ ಅರಿಶಿನ ಪೇಟೆಯಲ್ಲಿ ದಲಾಲಿ ಮಾಡುತ್ತಾರೆ. ಪದ್ಧತಿಯಲ್ಲಿ ತಪ್ಪಿದೆ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು?

ಶಾಲೆ ಇರುವುದು ಸಲಗರೆಯ ಆಚೆ, ತೋಟಗಳ ನಡುವಿನ ಒಂದು ವಸ್ತಿಯಲ್ಲಿ. ಎರಡು ಕೋಣೆ, ನಾಲ್ಕು ತರಗತಿ, ಇಬ್ಬರೇ ಶಿಕ್ಷಕಿಯರು: ಮುಖ್ಯಾಧ್ಯಾಪಕಿ ಶಾಲನಬಾಯಿ, ಮತ್ತೆ ಹೋದ ವರ್ಷ ಸೇರಿದ ಸೋನಲ. ಈ ವರ್ಷ ಶಿಕ್ಷಣ ಇಲಾಖೆಯಿಂದ ಬಂದ ಪತ್ರದಲ್ಲಿ ಒಂದೇ ಮಾತು ದಪ್ಪಕ್ಷರದಲ್ಲಿತ್ತು. ಸೆಪ್ಟೆಂಬರ್ ಮೂವತ್ತರ ಸಂಜೆ ಐದಕ್ಕೆ ಇಲಾಖೆಯ ಪೋರ್ಟಲ್ಲಿನಲ್ಲಿ ಇಪ್ಪತ್ತು ಮಕ್ಕಳ ಹೆಸರಿದ್ದರೆ ಇಬ್ಬರು ಶಿಕ್ಷಕರು, ಹತ್ತೊಂಬತ್ತಾದರೆ ಒಬ್ಬರು. ಒಬ್ಬರಾದರೆ ಸೋನಲಳಿಗೆ ಬೇರೆ ಊರು. ಎರಡು ವರ್ಷಕ್ಕೆ ಶಾಲನಬಾಯಿಗೂ ನಿವೃತ್ತಿ. ಆಮೇಲೆ ಬಾಗಿಲಿಗೆ ಬೀಗ ಬಿದ್ದು ಮಕ್ಕಳು ದೊಡ್ಡ ರಸ್ತೆಯ ಮರಾಠಿ ಶಾಲೆಗೆ ಹೋಗುತ್ತಾರೆ. ಇದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪೋರ್ಟಲ್ಲಿನಲ್ಲಿ ಹತ್ತೊಂಬತ್ತು ಹೆಸರಿದ್ದವು. ಇಪ್ಪತ್ತನೆಯದು ರಸಿಕಾ. ಅವಳ ಅಪ್ಪ ದ್ರಾಕ್ಷಿ ತೋಟ ಕಾಯುವ ಕೆಲಸಕ್ಕೆ ಖಂಡೇರಾಜುರಿಯಿಂದ ಬಂದವನು. ಹುಡುಗಿ ಎರಡು ತಿಂಗಳಿಂದ ಇಲ್ಲಿಯೇ ಕೂತು ಓದುತ್ತಿದ್ದಳು, ಹೆಸರು ಮಾತ್ರ ಹಳೆಯ ಶಾಲೆಯಲ್ಲೇ ಇತ್ತು. ಹತ್ತು ಫೋನು ಮಾಡಿ, ಎರಡು ಸಲ ಹೋಗಿ ಬಂದು, ಕೊನೆಗೆ ಸೆಪ್ಟೆಂಬರ್ ಇಪ್ಪತ್ತೊಂಬತ್ತರ ಮಧ್ಯಾಹ್ನ ಆ ಶಾಲೆಯವರು ಹೆಸರನ್ನು ಪೋರ್ಟಲ್ಲಿನಲ್ಲಿ ಈ ಕಡೆಗೆ ತಳ್ಳಿದರು. ಇನ್ನು ಶಾಲನಬಾಯಿ ಪೆನ್‌ಡ್ರೈವಿನಂಥ ಸಹಿಯ ಕೀಲಿಯನ್ನು ಕಂಪ್ಯೂಟರಿಗೆ ಚುಚ್ಚಿ, ಒಪ್ಪಿಗೆ ಒತ್ತಿದರೆ ಮುಗಿಯಿತು.

ಈ ಪೋರ್ಟಲ್ಲಿನ ಸೊಕ್ಕು ಬೇರೆ. ಅದು ಒಂದೇ ಒಂದು ಹಳೆಯ ಬ್ರೌಸರಿನಲ್ಲಿ ತೆರೆಯುತ್ತಿತ್ತು. ಹೊಸದರಲ್ಲಿ ತೆರೆದರೆ ಸಹಿಯ ಕೀಲಿಯ ಗುರುತೇ ಹಿಡಿಯುತ್ತಿರಲಿಲ್ಲ. ಅದಕ್ಕೇ ಮಿರಜದ ಕಂಪ್ಯೂಟರ್ ಅಂಗಡಿಯ ಬಿಂದುಮಾಧವ ಅವಳ ಮನೆಯ ಮಶೀನಿಗೆ ಆ ಹಳೆಯ ಬ್ರೌಸರನ್ನು ಹೊಂದಿಸಿಕೊಟ್ಟು, "ಅಪ್‌ಡೇಟ್ ಅಂತ ಏನರೆ ಬಂದ್ರ ಮುಟ್ಟಬ್ಯಾಡ್ರಿ ಬಾಯಾರ" ಎಂದು ಹೇಳಿ ಕಳಿಸಿದ್ದ. ಅವಳು ಮುಟ್ಟಿರಲಿಲ್ಲ. ಪರದೆಯ ಮೂಲೆಯಲ್ಲಿ ಬರುತ್ತಿದ್ದ ನೋಟೀಸುಗಳನ್ನೆಲ್ಲ ನಾಳೆ, ನಾಡಿದ್ದು ಎಂದು ಮುಂದೆ ದೂಡುತ್ತಲೇ ಬಂದಿದ್ದಳು.

ಇನ್ನು ಮಾಯವ್ವನ ಮಾತು. ಮಾಯವ್ವ ಶ್ರೀಪಾಲನ ತಾಯಿ, ಎಪ್ಪತ್ತೆಂಟು ವರ್ಷ. ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರೂ ಕುಡಿಯುವವಳಲ್ಲ. ಸಂಜೆಯಾದರೆ ಮನೆಯೆಲ್ಲ ತಿರುಗಿ ಬೇಡದ ದೀಪ ಆರಿಸುವಳು. ಬೆಳಕಿಗೆ ಹುಳ ಬರುತ್ತವೆ, ಸುಟ್ಟು ಸಾಯುತ್ತವೆ, ಪಾಪ. ಚಾತುರ್ಮಾಸದ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕಂಪ್ಯೂಟರಿನ ಪರದೆಗೆ ಹುಳ ಮುತ್ತಿ, ಡಬ್ಬಿಯ ಫ್ಯಾನಿನೊಳಗೆ ಹೊಕ್ಕು ಸಾಯುವುದನ್ನು ಕಂಡ ದಿನದಿಂದ ಅವಳು ಗೋಡೆಯ ಪ್ಲಗ್ಗನ್ನೇ ಕೀಳುತ್ತಿದ್ದಳು. ಜುಲೈಯಲ್ಲಿ ಒಂದು ಸಂಜೆ ಹಾಗೆ ಕಿತ್ತು ಎರಡು ತಾಸಿನ ಕೆಲಸ ಮಣ್ಣುಪಾಲಾಯಿತು. ಶಾಲನಬಾಯಿ ಕೂಗಾಡಿದ್ದು ಓಣಿಯ ಆ ತುದಿಗೆ ಕೇಳಿಸಿತು. ಮಾಯವ್ವ ಎರಡು ದಿನ ಮಾತು ಬಿಟ್ಟಳು.

ತಪ್ಪಾಯಿತು ಎನ್ನುವ ಅಭ್ಯಾಸ ಶಾಲನಬಾಯಿಗೆ ಇಲ್ಲ. ಅದರ ಬದಲು ಅವಳು ಅತ್ತೆಯನ್ನು ಕೂಡಿಸಿಕೊಂಡು ಪಾಠ ಮಾಡಿದಳು. "ನೋಡ್ರಿ ಅತ್ತಿ, ಪ್ಲಗ್ ಕೀಳಬ್ಯಾಡ್ರಿ. ಈ ಮೂಲ್ಯಾಗಿನ ಚಿತ್ರ ಒತ್ತರಿ, ಇಲ್ಲೊಂದ ಗುಂಡ ಗುರ್ತ ಐತಿ ಅದನ್ನ ಒತ್ತರಿ, ಮೂರ ಸಾಲ ಬರ್ತಾವ. ಮ್ಯಾಲಿಂದ ಎರಡನೇದು. ಹೇಳ್ರಿ." "ಮ್ಯಾಲಿಂದ ಎರಡನೇದು," ಎಂದಳು ಮಾಯವ್ವ. ಮೂರು ಸಲ ಹೇಳಿಸಿದಳು, ನಡುಗುವ ಕೈಯನ್ನು ಮೌಸಿನ ಮೇಲೆ ಹಿಡಿದು ಹತ್ತು ಸಲ ಮಾಡಿಸಿದಳು. ಇಂಗ್ಲಿಷ್ ಓದಲು ಬಾರದ ಮುದುಕಿ ನಾಲ್ಕೇ ದಿನದಲ್ಲಿ ತಾನೇ ಮಶೀನು ಬಂದ್ ಮಾಡಿ, "ಇವತ್ತ ಒಂದೂ ಜೀವ ಹೋಗಲಿಲ್ಲ" ಎಂದು ಓಣಿಯಲ್ಲಿ ಹೇಳಿಕೊಂಡು ಬಂದಳು. ಕುರ್ಚಿ ಖಾಲಿ ಇದ್ದರೆ ಬಂದ್ ಮಾಡಬಹುದು, ಇದು ಇಬ್ಬರ ನಡುವಿನ ಕರಾರು.

ಇಪ್ಪತ್ತೊಂಬತ್ತರ ಸಂಜೆ ಪೋರ್ಟಲ್ ಗರಗರ ತಿರುಗುತ್ತಲೇ ಇತ್ತು. ಜಿಲ್ಲೆಯ ಶಾಲೆಗಳೆಲ್ಲ ಒಮ್ಮೆಲೇ ಅದಕ್ಕೆ ಜೋತುಬಿದ್ದಿದ್ದವೋ ಏನೋ. ಕಾದು ಕಾದು ಶಾಲನಬಾಯಿ ಎದ್ದು, ನಾಳೆ ನಸುಕಿನಲ್ಲಿ ಮಾಡಿದರಾಯಿತು ಎಂದು ರಸಿಕಾಳ ತಾಯಿಗೆ ಹೇಳಿ ಬರಲು ತೋಟಕ್ಕೆ ಹೋದಳು. ಕುರ್ಚಿ ಖಾಲಿಯಾಯಿತು. ಹೊತ್ತು ಮುಳುಗಿತು. ಅವಳು ಬರುವಷ್ಟರಲ್ಲಿ ಮಶೀನು ಬಂದ್ ಆಗಿತ್ತು, ಎಂದಿನ ಹಾಗೆ.

ಮೂವತ್ತರ ನಸುಕಿನಲ್ಲಿ ಸ್ವಿಚ್ ಹಾಕಿದರೆ ಪರದೆ ನೀಲಿಯಾಗಿ ನಿಂತಿತು. ಅಪ್‌ಡೇಟ್ ನಡೆದಿದೆ, ಬಂದ್ ಮಾಡಬೇಡಿ ಎಂಬ ಬರಹ. ಮೂವತ್ತು ಪ್ರತಿಶತ, ಐವತ್ತು, ಐವತ್ತು, ಐವತ್ತು. ಮುಗಿದಾಗ ಬಿಸಿಲು ಬಂದಿತ್ತು. ಹಳೆಯ ಬ್ರೌಸರಿನ ಚಿತ್ರ ಇದ್ದಲ್ಲೇ ಇತ್ತು. ಒತ್ತಿದರೆ ತೆರೆದದ್ದು ಬೇರೆಯದು, ಹೊಸದು. ಮತ್ತೆ ಒತ್ತಿದಳು. ಮತ್ತೆ ಅದೇ. ಹೊಸದರಲ್ಲಿ ಪೋರ್ಟಲ್ ಹಾಕಿದರೆ, ಈ ಬ್ರೌಸರಿನಲ್ಲಿ ಸಹಿ ಆಗುವುದಿಲ್ಲ ಎಂದು ಕೆಂಪಕ್ಷರದಲ್ಲಿ ಹೇಳಿತು.

ಒಂದು ಮಾತು ಕೇಳುತ್ತೇನೆ. ಇವಳ ಮನೆ, ಇವಳ ಮೇಜು, ಇವಳ ಮಶೀನು. ಒಳಗಿದ್ದ ಸಾಮಾನನ್ನು ಎತ್ತಿ ಒಗೆದು ತಮ್ಮ ಸಾಮಾನು ಇಟ್ಟು ಹೋಗಲು ಈ ಅಪ್‌ಡೇಟಿನವರಿಗೆ ಅಪ್ಪಣೆ ಕೊಟ್ಟವರಾರು?

ಶಾಲನಬಾಯಿ ಅದನ್ನು ಕೇಳಿದ್ದು ಮಾಯವ್ವನನ್ನು. ಮಾಯವ್ವ ಬಸದಿಗೆ ಹೊರಡಲು ಮಡಿಯುಟ್ಟು ಪಡಸಾಲೆಯಲ್ಲಿ ನಿಂತಿದ್ದಳು.

"ನಿನ್ನೆ ಏನ್ ಒತ್ತಿದ್ರಿ?"

"ನೀ ಕಲಿಸಿದಂಗ ಮಾಡೇನವ್ವಾ. ಮ್ಯಾಲಿಂದ ಎರಡನೇದು."

"ಎರಡನೇದು ಒತ್ತಿದ್ರ ಬರೇ ಬಂದ್ ಆಗತೈತಿ. ಅಪ್‌ಡೇಟ್ ಆಗೂದಿಲ್ಲ. ಬ್ಯಾರೆ ಏನೋ ಒತ್ತೀರಿ. ಸುಳ್ಳ ಹೇಳಬ್ಯಾಡ್ರಿ."

ಹಾಲು ಹಾಕಲು ಬಂದ ರಾಯವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಮಾಯವ್ವನನ್ನು ಹುಟ್ಟಿದಾಗಿನಿಂದ ಯಾರೂ ಸುಳ್ಳಿ ಎಂದಿರಲಿಲ್ಲ. ಮಾಯವ್ವ ಏನೋ ಹೇಳಲು ಬಾಯಿ ತೆರೆದಳು. ಶಾಲನಬಾಯಿ ಬಿಟ್ಟರೆ ತಾನೇ?

"ಇಪ್ಪತ್ತ ಹುಡುಗೂರ ಸಾಲಿ ಮುಳುಗಿಸಿದ್ರಿ. ನಿಮಗ ಹುಳದ ಜೀವಾ ದೊಡ್ಡದಾತು, ಹುಡುಗೂರ ಜೀವಾ ಸಣ್ಣದಾತು. ಇನ್ನ ಮುಂದ ಈ ಮನ್ಯಾಗ ಒಂದ ಬಟನ್ ಮುಟ್ಟಬ್ಯಾಡ್ರಿ. ಸಾಕ ನಿಮ್ಮ ಪುಣ್ಯಾ."

ಮಾಯವ್ವ ಬಸದಿಯ ಹಾದಿ ಹಿಡಿದಳು. ಶ್ರೀಪಾಲ ಒಳಗಿನಿಂದ ಒಮ್ಮೆ ಕೆಮ್ಮಿದ, ಅಷ್ಟೇ.

ಹತ್ತು ಗಂಟೆಗೆ ಪೋರ್ಟಲ್ಲಿನ ಸಹಾಯವಾಣಿಯವರು ಫೋನು ಎತ್ತಿದರು. "ಮ್ಯಾಡಮ್, ಜುನಾಚ ಬ್ರೌಜರ್ ವಾಪರಾ," ಎಂದ ಆ ಕಡೆಯ ಮನುಷ್ಯ, ಹಳೆಯದನ್ನೇ ಬಳಸಿರಿ ಎಂದು. ಹಳೆಯದು ಹೋಗಿದೆ, ಅಪ್‌ಡೇಟ್ ತಿಂದುಹಾಕಿದೆ ಎಂದು ಇವಳು ಮರಾಠಿಯಲ್ಲಿ ಹೇಳಿದಳು. "ಮಗ ಅಪಡೇಟ್ ಕಾ ಕೇಲಾ?" ಮತ್ತೆ ಅಪ್‌ಡೇಟ್ ಯಾಕೆ ಮಾಡಿದಿರಿ ಎಂದು ಅವನ ಪ್ರಶ್ನೆ. ಹೀಗೆ ಅಪ್‌ಡೇಟ್ ಬಂದರೆ ಹಳೆಯದು ಇನ್ನು ಮುಂದೆ ಯಾರ ಮಶೀನಿನಲ್ಲೂ ಉಳಿಯುವುದಿಲ್ಲವಲ್ಲ, ನೀವೇಕೆ ನಿಮ್ಮ ಪೋರ್ಟಲ್ ಬದಲಿಸಲಿಲ್ಲ ಎಂದರೆ, ಅದು ತನ್ನ ವಿಭಾಗವಲ್ಲ. ಒಂದು ದಿನ ತಾರೀಖು ಮುಂದೆ ಹಾಕುತ್ತೀರಾ ಎಂದರೆ, ಅದೂ ತನ್ನ ವಿಭಾಗವಲ್ಲ. ನಿನ್ನ ವಿಭಾಗ ಯಾವುದಪ್ಪಾ ಎಂದು ಕೇಳಿದಾಗ ಫೋನು ಕಟ್ಟಾಯಿತು.

ಬಿಂದುಮಾಧವನಿಗೆ ಫೋನು ಮಾಡಿದಳು. ಸಲಗರೆಯ ನೆಟ್ಟಿನ ಮೇಲೆ ಕೂತಲ್ಲಿಂದ ಸರಿಮಾಡಲು ಆಗುವುದಿಲ್ಲ, ಸಹಿಯ ಕೀಲಿಯ ನೋಂದಣಿ ಇರುವುದೂ ಆ ಒಂದು ಮಶೀನಿನಲ್ಲೇ, ಡಬ್ಬಿ ತೆಗೆದುಕೊಂಡು ಬನ್ನಿ ಎಂದ. ಶಾಲೆಯನ್ನು ಸೋನಲಳಿಗೆ ಒಪ್ಪಿಸಿ, ಡಬ್ಬಿಯನ್ನು ಹಳೆಯ ದುಪ್ಪಟಿಯಲ್ಲಿ ಗಂಟು ಕಟ್ಟಿ, ತಾನೇ ಹೋರಾಡಿ ನಿಲ್ಲಿಸಿದ ಬಸ್ಸನ್ನು ಹತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಂಡಕ್ಟರ್ ಬಂದು ಗಂಟನ್ನು ಮುಟ್ಟಿ, ಇದಕ್ಕೆ ಲಗೇಜ್ ಟಿಕೀಟು ಆಗುತ್ತದೆ, ಏನಿದೆ ಇದರಲ್ಲಿ ಎಂದ.

"ಶಾಳಾ ಆಹೇ," ಎಂದಳು, ಶಾಲೆ ಇದೆ.

ಅವನು ಅವಳ ಮುಖ ನೋಡಿ ಮುಂದಿನ ಸೀಟಿಗೆ ಹೋದ.

ಬಿಂದುಮಾಧವನ ಅಂಗಡಿ ಮಿರಜದಲ್ಲಿ ಸಿತಾರ ಮಾಡುವವರ ಗಲ್ಲಿಯಲ್ಲಿದೆ. ಪಕ್ಕದಲ್ಲಿ ಯಾರೋ ಒಂದೇ ತಂತಿಯನ್ನು ಮೀಟಿ, ಬಿಗಿದು, ಮತ್ತೆ ಮೀಟುತ್ತಿದ್ದರು. ಶಾಲನಬಾಯಿಗೆ ಅದರ ಮೇಲೂ ಸಿಟ್ಟು ಬಂತು.

"ಬರ್ರಿ ಬಾಯಾರ, ಕುಂದ್ರಿ," ಎಂದ ಅವನು. ಐವತ್ತರ ಆಸುಪಾಸಿನ ಸಮಾಧಾನಿ ಮನುಷ್ಯ. ಅವನ ಮನೆಯವರು ಏಳು ತಲೆಮಾರಿನಿಂದ ಮಿರಜದಲ್ಲಿದ್ದು ಇನ್ನೂ ಕನ್ನಡದಲ್ಲೇ ಜಗಳಾಡುತ್ತಾರೆ. "ನಿಮ್ಮದೊಂದ ಅಲ್ರಿ, ನನ್ನ ಅಂಗಡ್ಯಾಗಿನ ಎಲ್ಲಾ ಮಶೀನಿಗೂ ಹಿಂಗ ಆಗೇತಿ. ಬ್ರೌಸರ್ ಬ್ಯಾರೆ, ಮಶೀನ್ ನಡಸೂ ಒಳಗಿನ ಸಿಸ್ಟಮ್ ಬ್ಯಾರೆ ಅಂತ ನಾವ್ ತಿಳದಿರ್ತೀವಿ. ಆ ಹಳೇದು ಸಿಸ್ಟಮ್ಮಿನ ಗ್ವಾಡ್ಯಾಗ ಕೂಡಿಸಿದ ಕಿಟಕಿ ಇದ್ದಂಗ. ಗಿಲಾವ್ ಮಾಡಾಕ ಬಂದವರು ಕಿಟಕಿ ಕಿತ್ತು ತಮ್ಮ ಕಿಟಕಿ ಕೂಡಿಸಿ ಹೋಗ್ಯಾರ."

"ಹಳೇ ಕಿಟಕಿ ವಾಪಸ್ ಕೂಡಸ್ರಿ."

ಅವನು ಅಪ್‌ಡೇಟನ್ನು ಕಿತ್ತುಹಾಕಲು ನೋಡಿದ. ಮಶೀನು ಒಂದು ತಾಸು ಯೋಚಿಸಿ, ಆಗುವುದಿಲ್ಲ ಎಂದಿತು. ಹಿಂದಿನ ತಾರೀಖಿನ ಸ್ಥಿತಿಗೆ ಮರಳಿಸಲು ನೋಡಿದ. ಇನ್ನೊಂದು ತಾಸು, ಅದೂ ಆಗಲಿಲ್ಲ. ಹಳೆಯ ಬ್ರೌಸರನ್ನೇ ಬೇರೆ ಕಡೆಯಿಂದ ತಂದು ಹಾಕಿದರೆ, ಹೊಸ ಸಿಸ್ಟಮ್ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂವರೆ. ಸೋನಲ ಮೂರು ಸಲ ಫೋನು ಮಾಡಿದಳು, ಶಾಲನಬಾಯಿ ಎತ್ತಲಿಲ್ಲ. ಏನೆಂದು ಹೇಳುವುದು? ಒಳಗೊಳಗೇ ಮಾಯವ್ವನ ಮೇಲೆ ಹಲ್ಲು ಕಡಿಯುತ್ತ ಕೂತಳು.

ನಾಲ್ಕರ ಹೊತ್ತಿಗೆ ಬಿಂದುಮಾಧವ ಹೊಸ ಬ್ರೌಸರಿನ ಒಳಗೇ, ಮೂಲೆಯಲ್ಲಿ, ಒಂದು ಸೆಟ್ಟಿಂಗ್ ಹುಡುಕಿ ತೆಗೆದ. ಯಾವ ಪುಟವನ್ನು ಹಳೆಯ ರೀತಿಯಲ್ಲಿ ತೆರೆಯಬೇಕೋ ಅದರ ವಿಳಾಸ ಬರೆದಿಟ್ಟರೆ, ಆ ಒಂದು ಪುಟದ ಮಟ್ಟಿಗೆ ಹೊಸದು ಹಳೆಯದರ ಹಾಗೆ ನಡೆದುಕೊಳ್ಳುತ್ತದಂತೆ. ಅದೂ ಮೂವತ್ತು ದಿನ ಮಾತ್ರ.

"ಇಷ್ಟ ದಿನ ಇದನ್ನ ಯಾರೂ ಯಾಕ ಹೇಳಲಿಲ್ರಿ? ಆ ಸಹಾಯವಾಣಿಯಂವಾ ಯಾಕ ಹೇಳಲಿಲ್ಲ?"

"ಅವರಿಗೂ ಗೊತ್ತಿಲ್ರಿ ಬಾಯಾರ. ಕೆಳಗ ಕುಂತಾವ್ರಿಗೆ ಯಾರ ಹೇಳ್ತಾರ?"

ವಿಳಾಸ ಬರೆದ. ಇನ್ನೊಮ್ಮೆ ಮಶೀನು ಬಂದ್ ಮಾಡಿ ಶುರು ಮಾಡಬೇಕು ಎಂದು ಮೂಲೆಯ ಚಿತ್ರ ಒತ್ತಿದ, ಗುಂಡು ಗುರುತು ಒತ್ತಿದ. ಸಾಲುಗಳು ತೆರೆದವು.

ಶಾಲನಬಾಯಿ ಮುಂದೆ ಬಾಗಿದಳು. "ತಡೀರಿ. ಇದೇನಿದು? ಮೂರ ಸಾಲ ಇರಬೇಕಲ್ಲ?"

ಐದು ಸಾಲುಗಳಿದ್ದವು.

"ಇನ್ನೊಂದ ಅಪ್‌ಡೇಟ್ ಬಂದು ಕಾಯಾಕತ್ತೇತಿ ನೋಡ್ರಿ. ಪೂರಾ ಇಳಕೊಂಡು ಹಂಗ ಕಾಯ್ಕೋತ ಕುಂತಾಗಷ್ಟ ಮೂರು ಇದ್ದದ್ದು ಐದ ಆಗ್ತಾವ," ಎಂದ ಬಿಂದುಮಾಧವ, ತನ್ನ ಕೆಲಸದ ಮೇಲೇ ಕಣ್ಣಿಟ್ಟು. "ಬರೇ ಬಂದ್ ಮಾಡೂದು ಎರಡನೇದು ಇರ್ತಿತ್ತಲ್ಲ, ಅದು ಮೂರನೇದಕ್ಕ ಸರೀತೈತಿ. ಆ ಎರಡನೇ ಜಾಗಾದಾಗ ಅಪ್‌ಡೇಟ್ ಮಾಡಿ ಬಂದ್ ಮಾಡೂದು ಬಂದ್ ಕುಂದರತೈತಿ. ಓದಿ ಒತ್ತಬೇಕ ನೋಡ್ರಿ. ಓದದ ಒತ್ತಿದ್ರ ಸಿಕ್ಕೊಂಡಂಗ."

ಮೇಲಿನಿಂದ ಎರಡನೆಯದು. ಶಾಲನಬಾಯಿ ಬೆರಳಿಟ್ಟು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಮೂರು ಸಲ ಹೇಳಿಸಿ, ನಡುಗುವ ಕೈ ಹಿಡಿದು, ಹತ್ತು ಸಲ ಮಾಡಿಸಿ ಕಲಿಸಿದ್ದು ಯಾರು? ಓದಲು ಬಾರದವಳಿಗೆ ಜಾಗ ಎಣಿಸಿ ಒತ್ತು ಎಂದವರು ಯಾರು? ಮಾಯವ್ವ ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡಿದ್ದಳು. ಹುಳ ಸಾಯಬಾರದು ಎಂದು ಮಾಡಿದ್ದಳು. ಸುಳ್ಳು ಹೇಳಿರಲಿಲ್ಲ.

ಶಾಲನಬಾಯಿಗೆ ಸಿಟ್ಟೇನೂ ಇಳಿಯಲಿಲ್ಲ. ಕೇಳದೆ ಸಾಲು ಸರಿಸಿದವರ ಮೇಲೆ, ಹೇಳದೆ ಕಿಟಕಿ ಕಿತ್ತವರ ಮೇಲೆ, ಕಿಟಕಿ ಹೋಗುತ್ತದೆಂದು ಗೊತ್ತಿದ್ದೂ ಅದೇ ಕಿಟಕಿಯಿಂದ ಬನ್ನಿ ಎಂದವರ ಮೇಲೆ ಇನ್ನೂ ಹೆಚ್ಚಿತು. ಆದರೆ ಅವರ ಯಾರ ಮುಖವೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮುಂಜಾನೆ ಬಾಯಿ ತೆರೆದು ಮುಚ್ಚಿದ ಒಂದು ಮುಖ. ಅದಕ್ಕೆ ಎಲ್ಲರ ಪಾಲಿನ ಸಿಟ್ಟನ್ನೂ ಉಣಿಸಿ ಬಂದಿದ್ದಳು.

ನಾಲ್ಕು ಮೂವತ್ತೆಂಟಕ್ಕೆ ಪೋರ್ಟಲ್ ತೆರೆಯಿತು. ಕೀಲಿಯನ್ನು ಗುರುತು ಹಿಡಿಯಿತು. ರಸಿಕಾಳ ಹೆಸರಿನ ಮುಂದೆ ಒಪ್ಪಿಗೆ ಒತ್ತುವಾಗ ಶಾಲನಬಾಯಿ ಆ ಬಟನ್ನಿನ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ನಾಲ್ಕು ಐವತ್ತಕ್ಕೆ ಒಟ್ಟು ಸಂಖ್ಯೆ ಇಪ್ಪತ್ತು ಎಂದು ಬಂತು. ಬಿಂದುಮಾಧವ ಹೆಸರುಗಳ ಹಾಳೆ ಪ್ರಿಂಟ್ ತೆಗೆದುಕೊಟ್ಟ. ಸೋನಲಳಿಗೆ ಫೋನು ಮಾಡಿ, "ಆತು" ಎಂದಳು. ಆ ಕಡೆ ಸೋನಲ ಅಳತೊಡಗಿದ್ದಕ್ಕೆ, "ಅಳೂದ ಯಾಕ, ನಾಳೆ ಲಗೂನ ಬಾ" ಎಂದು ಗದರಿ ಇಟ್ಟಳು.

ಬಸ್ಸಿಳಿದು ಗಂಟು ಹೊತ್ತು ಮನೆಗೆ ಬರುವ ಹೊತ್ತಿಗೆ ಮುಚ್ಚಂಜೆ. ಓಣಿಯ ಎಲ್ಲ ಮನೆಗಳಲ್ಲೂ ದೀಪ ಇತ್ತು, ಇವಳ ಮನೆಯಲ್ಲಿ ಇರಲಿಲ್ಲ. ಶ್ರೀಪಾಲ ಇನ್ನೂ ತೋಟದಲ್ಲಿದ್ದ. ಒಳಗೆ ಮಾಯವ್ವ ಕತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಕೈ ಮಡಿಲಲ್ಲಿ.

"ಕರೆಂಟ್ ಹೋಗೇತೇನ್ರಿ ಅತ್ತಿ?"

"ಇಲ್ಲ. ಐತಿ."

ಶಾಲನಬಾಯಿ ಗಂಟನ್ನು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತಳು. ಜನ್ಮದಲ್ಲಿ ಆಡದ ಮಾತು, ನಾಲಿಗೆ ತಿರುಗಲು ಹೊತ್ತು ಹಿಡಿಯಿತು. "ನೀವ್ ಒತ್ತಿದ್ದು ಖರೇನ ಎರಡನೇದ ಇತ್ರಿ. ನಾ ಕಲಿಸಿದ್ದ ತಪ್ಪಿತ್ತು. ನಂದ ತಪ್ಪಾತು."

"ನಿನ್ನೆ ಸಾಲ ಹೆಚ್ಚಿದ್ವು ಅಂತ ಮುಂಜಾನೆ ಹೇಳಾಕ ಬಂದೆ. ನೀ ಕೇಳಲಿಲ್ಲ."

"ಹೌದ್ರಿ. ಕೇಳಲಿಲ್ಲ. ಇನ್ನ ಮ್ಯಾಲೆ ಹಂಗ ಮಾಡೂದಿಲ್ಲ. ಮತ್ತೊಮ್ಮಿ ಬ್ಯಾರೆ ರೀತಿ ಕಲಸ್ತೇನಿ ನಿಮಗ. ದಿನಾ ನೀವ ಬಂದ್ ಮಾಡ್ರಿ."

ಮಾಯವ್ವ ತಲೆಯಾಡಿಸಿದಳು. "ಆಗೂದಿಲ್ಲವ್ವಾ. ಬಸದ್ಯಾಗ ಚಾತುರ್ಮಾಸಕ್ಕ ಬಂದ ಮಾತಾಜಿ ಅದಾರಲ್ಲ, ಅವರ ಮುಂದ ನಿಯಮ ತಗೊಂಡೇನಿ. ಕರೆಂಟಿನ ಯಾವ ಬಟನ್ನೂ ಮುಟ್ಟೂದಿಲ್ಲ ಅಂತ. ಸಾಯೂ ತನಕ."

ಸಿಟ್ಟಿನಿಂದ ಹೇಳಿದ್ದರೆ ಶಾಲನಬಾಯಿ ತಿರುಗಿ ಜಗಳವನ್ನಾದರೂ ಆಡುತ್ತಿದ್ದಳು. ಹೊತ್ತು ಮುಳುಗಿತು, ಇನ್ನು ಊಟವಿಲ್ಲ ಎಂದು ದಿನಾ ಹೇಳುವ ದನಿಯಲ್ಲೇ ಹೇಳಿದ್ದಳು ಮಾಯವ್ವ. ಆ ಮನೆಯಲ್ಲಿ ತೆಗೆದುಕೊಂಡ ನಿಯಮವನ್ನು ಯಾರೂ ಬಿಟ್ಟದ್ದಿಲ್ಲ, ಬಿಡು ಎಂದು ಕೇಳುವುದೂ ಪಾಪ. ಅಪ್‌ಡೇಟನ್ನಾದರೂ ಕಿತ್ತು ನೋಡೋಣ ಎನ್ನಲು ಬಿಂದುಮಾಧವನಿದ್ದ. ಇದಕ್ಕೆ ಯಾವ ಅಂಗಡಿಗೆ ಹೋಗುವುದು?

"ಸಾಲಿ ಉಳೀತೇನು?" ಮಾಯವ್ವ ಕೇಳಿದಳು.

"ಉಳೀತ್ರಿ. ಇಪ್ಪತ್ತ ಹೆಸರ ಆದ್ವು."

"ಓದಿ ಹೇಳ. ಲೈಟ್ ನೀನ ಹಾಕ್ಕೋಬೇಕವ್ವಾ."

ಶಾಲನಬಾಯಿ ಎದ್ದು ದೀಪ ಹಾಕಿದಳು. ಹಾಳೆ ಬಿಡಿಸಿಕೊಂಡು, ಮೇಲಿನಿಂದ ಶುರುಮಾಡಿ, ಒಂದೊಂದೇ ಹೆಸರು ಓದಿದಳು. ಮಾಯವ್ವ ಪ್ರತಿ ಹೆಸರಿಗೂ ಬೆರಳು ಮಡಚುತ್ತ ಹೋದಳು. ತೆರೆದ ಬಾಗಿಲಿನಿಂದ ಹುಳಗಳು ಬಂದು ಬಲ್ಬಿನ ಸುತ್ತ ತಿರುಗಹತ್ತಿದವು. ಇಪ್ಪತ್ತನೆಯದು ರಸಿಕಾ ಎಂದು ಓದಿ ಶಾಲನಬಾಯಿ ಹಾಳೆ ಮಡಚಿದಳು.

"ಆತಲ್ಲ," ಎಂದಳು ಮಾಯವ್ವ, ಬಲ್ಬಿನ ಕಡೆ ನೋಡುತ್ತ. "ಇನ್ನ ಬಂದ್ ಮಾಡ. ಹುಳ ಬಂದಾವ."

ಶಾಲನಬಾಯಿ ಎದ್ದು ಹೋಗಿ ದೀಪ ಆರಿಸಿದಳು.